ಕಡುಶೀತದ ನಾಡಿನಲ್ಲಿ ಮೋಟಾರು ಬಂಡಿ

ಮಾಗಿಯ ಚಳಿಯಲ್ಲಿ ಬೆಳಗ್ಗೆ ಎದ್ದು ನೋಡಿದರೆ ಸೀಸೆಯೊಳಗಿನ ಕೊಬ್ಬರಿ ಎಣ್ಣೆ ಬಿಳಿಯ ಗಡ್ಡೆಯಾಗಿರುತ್ತದೆ. ಸೀಸೆಯನ್ನು ತಲೆಕೆಳಗು ಮಾಡಿದರೂ ಒಂದು ತೊಟ್ಟು ಬೀಳದು. ಬಿಸಿಲಿನಲ್ಲಿಯೋ ಬಿಸಿನೀರಿನಲ್ಲಿಯೋ ಇಟ್ಟರೆ ಮತ್ತೆ ಕರಗುತ್ತದೆ. ಇದು ನಮ್ಮೆಲ್ಲರಿಗೂ ಗೊತ್ತಿರುವ ಸಂಗತಿ. ಆ ಹೊತ್ತಿನಲ್ಲಿ ನಮ್ಮ ಬಯಲುಸೀಮೆಯ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ, ಅಷ್ಟೆ. ಅದೇ ಉಷ್ಣತೆ ಸೊನ್ನೆಗೆ ಇಳಿದು, ಅಲ್ಲಿಯೂ ನಿಲ್ಲದೆ ಇನ್ನೂ ಐವತ್ತು ಡಿಗ್ರಿ ಕೆಳಕ್ಕೆ ಹೋಯಿತೆಂದು ಭಾವಿಸೋಣ. ಎಣ್ಣೆ, ನೀರು, ಆಮ್ಲ, ರಬ್ಬರು, ಉಕ್ಕು, ಗಾಳಿ ಇವೆಲ್ಲವನ್ನೂ ನಂಬಿಕೊಂಡು ಓಡುವ ಮೋಟಾರು ಬಂಡಿಯ ಗತಿ ಆಗ ಏನಾದೀತು?

ಇದು ಬರಿಯ ಕಲ್ಪನೆಯ ಪ್ರಶ್ನೆಯಲ್ಲ. ಸೈಬೀರಿಯದ ಈಶಾನ್ಯದಲ್ಲಿ ಯಾಕೂತಿಯ ಎಂಬ ಪ್ರಾಂತವಿದೆ. ವಿಸ್ತೀರ್ಣದಲ್ಲಿ ಅದು ನಮ್ಮ ಭಾರತಕ್ಕಿಂತ ಸ್ವಲ್ಪವೇ ಚಿಕ್ಕದು. ಆದರೆ ಅಲ್ಲಿರುವ ಜನ ಸುಮಾರು ಹತ್ತು ಲಕ್ಷ ಮಾತ್ರ. ಅದರ ಮುಖ್ಯನಗರವಾದ ಯಾಕೂತ್ಸ್ಕ್‌ನಲ್ಲಿ ಜನವರಿ ತಿಂಗಳ ಸರಾಸರಿ ಉಷ್ಣತೆಯೇ -40 ಡಿಗ್ರಿಗೆ ಹತ್ತಿರ. (ಸೆಲ್ಸಿಯಸ್ ಮಾನವೂ ಫ್ಯಾರನ್‌ಹೀಟ್ ಮಾನವೂ ಒಂದಾಗುವ ಬಿಂದು ಇದೇ ಎಂಬುದನ್ನು ವಿದ್ಯಾರ್ಥಿಗಳು ಲೆಕ್ಕಮಾಡಿ ನೋಡಬಹುದು.) ಅಲ್ಲಿಂದ ಪೂರ್ವಕ್ಕಿರುವ ಓಯ್ಮ್ಯಕೋನ್ ಎಂಬ ಹಳ್ಳಿಯಲ್ಲಿ 1933ರ ಫೆಬ್ರವರಿಯಲ್ಲಿ -67.7 ಡಿಗ್ರಿ ದಾಖಲಾಯಿತು. ಯಾಕೂತ್ಸ್ಕ್‌ನಿಂದ ಸಮುದ್ರತೀರದ ಮಗದಾನ್ ಪಟ್ಟಣದವರೆಗೆ ಸುಮಾರು 2000 ಕಿಲೋಮೀಟರ್ ಉದ್ದದ ಕೊಲಿಮಾ ಹೆದ್ದಾರಿ ಈ ಪ್ರದೇಶವನ್ನು ಹಾದುಹೋಗುತ್ತದೆ. ಸ್ಟಾಲಿನ್ನನ ಕಾಲದಲ್ಲಿ ಸೆರೆಯಾಳುಗಳ ದುಡಿಮೆಯಿಂದ ನಿರ್ಮಾಣವಾದ ರಸ್ತೆ ಅದು. ಕೆಲಸ ಮಾಡುತ್ತ ಸತ್ತವರ ನೆನಪಿನಿಂದ ಅದಕ್ಕೆ ‘ಮೂಳೆಗಳ ದಾರಿ’ ಎಂಬ ಹೆಸರೂ ಬಂದಿದೆ.

ಈ ಸೀಮೆಯಲ್ಲಿ ಹೆಸರು ಪಡೆದ ಹಳೆಯ ಬಂಡಿಗಳು ಎರಡು. ಮೊದಲನೆಯದು 1953ರಿಂದ 1972ರವರೆಗೆ ತಯಾರಾದ ಗಾಜ್-69. ಹೊರನೋಟಕ್ಕೆ ಅದು ನಮ್ಮ ಜೀಪಿನ ಸೋದರನಂತೆಯೇ ಇದೆ. ಕುಪ್ಪಳಿಸುತ್ತ ಓಡುವುದರಿಂದ ಜನ ಅದನ್ನು ‘ಆಡಿನ ಮರಿ’ ಎಂದು ಕರೆದರು. ಎರಡನೆಯದು ಉಲ್ಯಾನೊವ್ಸ್ಕ್ ಕಾರ್ಖಾನೆಯಲ್ಲಿ 1965ರಿಂದ ತಯಾರಾಗತೊಡಗಿದ ಉವಾಜ್-452. ಅದರ ಆಕಾರ ಬ್ರೆಡ್ಡಿನ ಇಡೀ ತುಂಡಿನಂತಿರುವುದರಿಂದ ಅದಕ್ಕೆ ‘ಬುಖಾಂಕ’ ಎಂದು ಅಡ್ಡಹೆಸರು. ಎರಡರಲ್ಲಿಯೂ ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ದೊರೆಯುತ್ತದೆ. ಎರಡನ್ನೂ ಕೈಹಿಡಿಯಿಂದ ತಿರುಗಿಸಿ ಚಾಲೂ ಮಾಡಬಹುದು.

ಹಳೆಯದೆಲ್ಲ ಶ್ರೇಷ್ಠವೆಂದು ಇದರಿಂದ ಭಾವಿಸಬಾರದು. ಚಳಿಯಲ್ಲಿ ಸುಲಭವಾಗಿ ಚಾಲೂ ಆಗುವ ಗುಣ ಹೊಸ ಬಂಡಿಗಳಲ್ಲಿಯೇ ಹೆಚ್ಚು. ಹಳೆಯ ಬಂಡಿಯ ಗುಣ ಗೊತ್ತಾಗುವುದು ಅದು ಕೆಟ್ಟಾಗ. ಮುಂದಿನ ಊರು ಇನ್ನೂರು ಕಿಲೋಮೀಟರ್ ದೂರದಲ್ಲಿದ್ದಾಗ, ಒಂದು ಸ್ಪ್ಯಾನರು, ಒಂದು ಸುತ್ತಿಗೆ, ಒಂದಿಷ್ಟು ತಂತಿ ಇವುಗಳಿಂದ ರಿಪೇರಿ ಮಾಡಿಕೊಳ್ಳಬಹುದಾದ ಯಂತ್ರವನ್ನೇ ಚಾಲಕ ಬಯಸುತ್ತಾನೆ. ಭೌತಶಾಸ್ತ್ರವನ್ನು ಕಲಿಯುವವರಿಗೂ ಅಂಥ ಯಂತ್ರವೇ ಮೇಲು. ಅದರಲ್ಲಿ ನಡೆಯುವುದೆಲ್ಲ ಕಣ್ಣಿಗೆ ಕಾಣುತ್ತದೆ.

ಎಂಜಿನ್ ಏಕೆ ತಿರುಗುವುದಿಲ್ಲ?

ಮೊದಲು ಎಣ್ಣೆಯನ್ನು ನೋಡೋಣ. ದ್ರವದ ಒಂದು ಪದರ ಇನ್ನೊಂದರ ಮೇಲೆ ಜಾರುವಾಗ ಉಂಟಾಗುವ ತಡೆಯನ್ನು ಸ್ನಿಗ್ಧತೆ ಎನ್ನುತ್ತೇವೆ. ನೀರಿಗೆ ಸ್ನಿಗ್ಧತೆ ಕಡಿಮೆ, ಹರಳೆಣ್ಣೆಗೆ ಹೆಚ್ಚು. ಅನಿಲಗಳ ಸ್ನಿಗ್ಧತೆ ಉಷ್ಣತೆಯೊಡನೆ ಏರಿದರೆ, ದ್ರವಗಳದು ಇಳಿಯುತ್ತದೆ. ದ್ರವದಲ್ಲಿ ಅಣುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಕಾವು ಹೆಚ್ಚಿದಷ್ಟೂ ಆ ಹಿಡಿತದಿಂದ ಬಿಡಿಸಿಕೊಳ್ಳುವುದು ಸುಲಭವಾಗುತ್ತದೆ. ಎಂಜಿನ್ನಿಗೆ ಹಾಕುವ ಸಾಧಾರಣ ಖನಿಜ ತೈಲದ ಸ್ನಿಗ್ಧತೆ 100 ಡಿಗ್ರಿಯಿಂದ ಸೊನ್ನೆ ಡಿಗ್ರಿಗೆ ಬರುವಷ್ಟರಲ್ಲಿಯೇ ಸುಮಾರು ನೂರು ಪಟ್ಟು ಹೆಚ್ಚುತ್ತದೆ. ಸೊನ್ನೆಯಿಂದ ಕೆಳಗೆ ಈ ಏರಿಕೆ ಇನ್ನೂ ಕಡಿದು. ಮೇಲಾಗಿ ಎಣ್ಣೆಯಲ್ಲಿ ಕರಗಿರುವ ಮೇಣ ಹರಳುಗಟ್ಟಿ, ಆ ಹರಳುಗಳು ಬಲೆಯಂತೆ ಹೆಣೆದುಕೊಂಡು ಉಳಿದ ಎಣ್ಣೆಯನ್ನು ಅಲುಗದಂತೆ ಹಿಡಿದಿಡುತ್ತವೆ. ಎಣ್ಣೆಯೆಂಬುದು ಆಗ ಡಾಂಬರಿನಂತಾಗುತ್ತದೆ.

ಇದರ ಫಲ ಎರಡು ಬಗೆ. ಕ್ರ್ಯಾಂಕ್ ದಂಡವನ್ನು ತಿರುಗಿಸಲು ಬಹಳ ಬಲ ಬೇಕಾಗುವುದು ಒಂದು. ಹೇಗೋ ತಿರುಗಿಸಿ ಎಂಜಿನ್ನನ್ನು ಚಾಲೂ ಮಾಡಿದೆವೆನ್ನೋಣ. ಆಗ ಎಣ್ಣೆಯ ಪಂಪು ಗಡ್ಡೆಯಾದ ಎಣ್ಣೆಯನ್ನು ಎಳೆಯಲಾರದೆ, ಬೇರಿಂಗುಗಳು ಒಣಗಿದಂತೆಯೇ ಉಜ್ಜಿಕೊಂಡು ಕೆಲವೇ ನಿಮಿಷಗಳಲ್ಲಿ ಹಾಳಾಗುವುದು ಇನ್ನೊಂದು. ಎರಡನೆಯದೇ ಹೆಚ್ಚು ಅಪಾಯ. ಮೊದಲನೆಯದರಲ್ಲಿ ಬಂಡಿ ಹೊರಡುವುದಿಲ್ಲ, ಅಷ್ಟೆ. ಈಗ ಎಣ್ಣೆಯ ಡಬ್ಬಿಗಳ ಮೇಲೆ ‘5ಡಬ್ಲ್ಯು-30’, ‘0ಡಬ್ಲ್ಯು-40’ ಎಂದು ಬರೆದಿರುವುದನ್ನು ವಾಚಕರು ನೋಡಿರಬಹುದು. ‘ಡಬ್ಲ್ಯು’ ಎಂಬುದು ಚಳಿಗಾಲದ ಗುರುತು. ಆ ಅಂಕಿ ಚಿಕ್ಕದಾದಷ್ಟೂ ಎಣ್ಣೆ ಹೆಚ್ಚಿನ ಚಳಿಗೆ ತಕ್ಕುದು. 15ಡಬ್ಲ್ಯು ಎಣ್ಣೆಯನ್ನು -20 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ. 0ಡಬ್ಲ್ಯು ಎಣ್ಣೆಯನ್ನು -35ರಲ್ಲಿ. ಇಂಥ ಎಣ್ಣೆಗಳು ಸಿಗದಿದ್ದ ಕಾಲದಲ್ಲಿ ಒಂದು ವಿಚಿತ್ರವಾದ ಉಪಾಯವಿತ್ತು. ರಾತ್ರಿ ಎಂಜಿನ್ನನ್ನು ನಿಲ್ಲಿಸುವ ಮುನ್ನ ಎಣ್ಣೆಗೆ ಸ್ವಲ್ಪ ಪೆಟ್ರೋಲನ್ನೇ ಬೆರೆಸುವುದು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಿಗೂ ಹೀಗೆಯೇ ಮಾಡುತ್ತಿದ್ದರು. ಪೆಟ್ರೋಲು ಬೆರೆತ ಎಣ್ಣೆ ತೆಳ್ಳಗೆ ಉಳಿಯುತ್ತದೆ. ಬೆಳಗ್ಗೆ ಎಂಜಿನ್ ಕಾದಮೇಲೆ ಪೆಟ್ರೋಲು ಆವಿಯಾಗಿ ಹೋಗುತ್ತದೆ, ಎಣ್ಣೆ ತನ್ನ ಮೊದಲಿನ ಗುಣಕ್ಕೆ ಮರಳುತ್ತದೆ.

ಎಂಜಿನ್ ತಿರುಗಲು ಹೆಚ್ಚು ಬಲ ಬೇಕಾದ ಈ ಹೊತ್ತಿನಲ್ಲಿಯೇ ಬ್ಯಾಟರಿ ಸೊರಗಿರುತ್ತದೆ. ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯಲ್ಲಿ ವಿದ್ಯುತ್ತು ಹುಟ್ಟುವುದು ರಾಸಾಯನಿಕ ಕ್ರಿಯೆಯಿಂದ. ಚಳಿ ಹೆಚ್ಚಿದಂತೆ ಆ ಕ್ರಿಯೆಯ ವೇಗ ಕುಗ್ಗುತ್ತದೆ. ಆಮ್ಲದೊಳಗೆ ಅಯಾನುಗಳು ಚಲಿಸುವುದೂ ನಿಧಾನವಾಗುತ್ತದೆ. -18 ಡಿಗ್ರಿಯಲ್ಲಿ ಅದರ ಸಾಮರ್ಥ್ಯ ಹೆಚ್ಚುಕಡಮೆ ಅರ್ಧವಾಗಿರುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬ್ಯಾಟರಿ ಪೂರ್ಣವಾಗಿ ತುಂಬಿರುವಾಗ ಆಮ್ಲದ ಸಾಪೇಕ್ಷ ಸಾಂದ್ರತೆ ಸುಮಾರು 1.27, ಅಂಥ ಆಮ್ಲ -57 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ. ಬ್ಯಾಟರಿ ಬರಿದಾದಂತೆ ಗಂಧಕಾಮ್ಲ ತಗಡುಗಳಿಗೆ ಸೇರಿಕೊಂಡು, ಉಳಿಯುವುದು ನೀರೇ ಹೆಚ್ಚು. ಸಾಂದ್ರತೆ 1.10ಕ್ಕೆ ಇಳಿದಾಗ ಅದು -7 ಡಿಗ್ರಿಯಲ್ಲಿಯೇ ಹೆಪ್ಪುಗಟ್ಟಿ, ಉಬ್ಬಿ, ಪೆಟ್ಟಿಗೆಯನ್ನು ಒಡೆಯುತ್ತದೆ. ಆದುದರಿಂದ ಚಾಲೂ ಆಗದ ಎಂಜಿನ್ನನ್ನು ಪದೇ ಪದೇ ತಿರುಗಿಸಿ ಬ್ಯಾಟರಿಯನ್ನು ಬರಿದು ಮಾಡಿದವನು ವಿದ್ಯುತ್ತನ್ನು ಕಳೆದುಕೊಳ್ಳುವುದಲ್ಲದೆ ಬ್ಯಾಟರಿಯನ್ನೇ ಕಳೆದುಕೊಳ್ಳುತ್ತಾನೆ. ಯಾಕೂತಿಯದ ಚಾಲಕರು ರಾತ್ರಿ ಬ್ಯಾಟರಿಯನ್ನು ಕಳಚಿ ಮನೆಯೊಳಗೆ, ಬೆಚ್ಚನೆಯ ಮೂಲೆಯಲ್ಲಿ ಇಟ್ಟುಕೊಳ್ಳುವುದು ಇದಕ್ಕಾಗಿಯೇ.

ಇನ್ನು ಇಂಧನ. ಉರಿಯುವುದು ಪೆಟ್ರೋಲಿನ ಆವಿಯೇ ಹೊರತು ದ್ರವವಲ್ಲ. ಕಡುಚಳಿಯಲ್ಲಿ ಪೆಟ್ರೋಲಿನ ಬಹುಭಾಗ ಆವಿಯಾಗದೆ ಹನಿಗಳಾಗಿಯೇ ಸಿಲಿಂಡರಿನ ಗೋಡೆಗೆ ಅಂಟಿಕೊಳ್ಳುತ್ತದೆ. ಅದೇ ಹೊತ್ತಿಗೆ ಗಾಳಿ ದಟ್ಟವಾಗಿರುತ್ತದೆ: -50 ಡಿಗ್ರಿಯ ಗಾಳಿ, 20 ಡಿಗ್ರಿಯ ಗಾಳಿಗಿಂತ ಸುಮಾರು ಮೂರನೆಯ ಒಂದು ಪಾಲಿನಷ್ಟು ಹೆಚ್ಚು ಸಾಂದ್ರ. ಹೀಗೆ ಗಾಳಿ ಹೆಚ್ಚಾಗಿ, ಆವಿ ಕಡಮೆಯಾಗಿ, ಮಿಶ್ರಣಕ್ಕೆ ಬೆಂಕಿ ಹತ್ತುವುದಿಲ್ಲ. ಹಳೆಯ ಬಂಡಿಯ ‘ಚೋಕ್’ ಎಳೆಯುವುದೆಂದರೆ ಗಾಳಿಯ ದಾರಿಯನ್ನು ಕಿರಿದು ಮಾಡಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುವುದು.

ಡೀಸೆಲ್ ಎಂಜಿನ್ನಿನ ಕಷ್ಟ ಬೇರೆ. ಅದರಲ್ಲಿ ಕಿಡಿಯಿಲ್ಲ, ಅದುಮಿದ ಗಾಳಿಯ ಕಾವಿನಿಂದಲೇ ಇಂಧನ ಹತ್ತಿಕೊಳ್ಳಬೇಕು. ಗಾಳಿಯನ್ನು ಹದಿನಾರನೆಯ ಒಂದು ಪಾಲಿಗೆ ಅದುಮಿದರೆ ಅದರ ನಿರಪೇಕ್ಷ ಉಷ್ಣತೆ, ಶಾಖ ಸೋರದಿದ್ದ ಪಕ್ಷದಲ್ಲಿ, ಮೂರು ಪಟ್ಟಾಗುತ್ತದೆ. ನಮ್ಮ ಊರಿನ 293 ಕೆಲ್ವಿನ್ ಗಾಳಿ ಹೀಗೆ ಸುಮಾರು 890 ಕೆಲ್ವಿನ್ ಮುಟ್ಟುತ್ತದೆ. ಯಾಕೂತಿಯದ 223 ಕೆಲ್ವಿನ್ ಗಾಳಿ 675ರ ಸುತ್ತ ನಿಲ್ಲುತ್ತದೆ. ಎಂದರೆ 615 ಡಿಗ್ರಿ ಸೆಲ್ಸಿಯಸ್ ಒಂದು ಕಡೆ, 400 ಡಿಗ್ರಿ ಇನ್ನೊಂದು ಕಡೆ. ಈ ನಾನೂರರಲ್ಲಿಯೂ ಬಹುಪಾಲನ್ನು ತಣ್ಣಗಿನ ಲೋಹದ ಗೋಡೆಗಳು ಹೀರಿಕೊಳ್ಳುತ್ತವೆ. ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ಹೀರಲು ಅವಕಾಶ ಹೆಚ್ಚು. ಅದಲ್ಲದೆ ಸಾಧಾರಣ ಡೀಸೆಲಿನಲ್ಲಿರುವ ಮೇಣ ಹರಳುಗಟ್ಟಿ ಸೋಸುಕವನ್ನು ಮುಚ್ಚಿಬಿಡುತ್ತದೆ. ನಮ್ಮ ಲಡಾಖಿನಲ್ಲಿಯೂ ಈ ತೊಂದರೆಯಿತ್ತು. ಅಲ್ಲಿಗಾಗಿ -33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಹೊರತಂದಿತು. ಹಳೆಯ ಬುಖಾಂಕಗಳು ಪೆಟ್ರೋಲಿನವಾಗಿರುವುದು ಅವುಗಳ ಅದೃಷ್ಟ.

ಬೆಳಗಿನ ಬೆಂಕಿ

ಇಷ್ಟೆಲ್ಲ ಅಡ್ಡಿಗಳಿಗೂ ಪರಿಹಾರ ಒಂದೇ: ಎಂಜಿನ್ನನ್ನು ಮೊದಲು ಹೊರಗಿನಿಂದ ಕಾಯಿಸುವುದು. ಆ ಕಾಲದ ಸೋವಿಯೆತ್ ಬಂಡಿಗಳಿಗೆ ಇದಕ್ಕಾಗಿಯೇ ಒಂದು ಚಿಕ್ಕ ಕುದಿಪಾತ್ರೆಯನ್ನು ಅಳವಡಿಸುವುದುಂಟು. ಅದರ ಕೊಳವೆಯೊಳಕ್ಕೆ ಬೆಸುಗೆಗೆ ಬಳಸುವ ಬ್ಲೋಲ್ಯಾಂಪಿನ ಜ್ವಾಲೆಯನ್ನು ಹಾಯಿಸಿದರೆ ಪಾತ್ರೆಯ ದ್ರವ ಕಾಯುತ್ತದೆ. ಕಾದ ದ್ರವ ಹಗುರವಾಗಿ ಮೇಲೇರಿ ಎಂಜಿನ್ನಿನ ಸುತ್ತ ಹರಿಯುತ್ತದೆ. ತಣಿದದ್ದು ಕೆಳಗಿಳಿದು ಮತ್ತೆ ಪಾತ್ರೆಗೆ ಬರುತ್ತದೆ. ಪಂಪು ಬೇಡ, ವಿದ್ಯುತ್ತು ಬೇಡ. ತರಗತಿಯಲ್ಲಿ ಗಾಜಿನ ಕೊಳವೆಯಲ್ಲಿ ಬಣ್ಣದ ನೀರನ್ನಿಟ್ಟು ನಾವು ತೋರಿಸುವ ಸಂವಹನವೇ ಇದು. ಈ ಸಲಕರಣೆಯೂ ಇಲ್ಲದವರು ಎಂಜಿನ್ನಿನ ಅಡಿಯ ಎಣ್ಣೆಯ ತೊಟ್ಟಿಗೆ ನೇರವಾಗಿ ಜ್ವಾಲೆ ಹಿಡಿಯುತ್ತಾರೆ. ಪೆಟ್ರೋಲು ಸೋರುವ ಬಂಡಿಯ ಕೆಳಗೆ ಮಲಗಿ ಹೀಗೆ ಮಾಡುವುದು ಎಂಥ ಕೆಲಸವೆಂಬುದನ್ನು ಹೇಳಬೇಕಾಗಿಲ್ಲ.

ಒಮ್ಮೆ ಕಾದ ಎಂಜಿನ್ನನ್ನು ಆರಲು ಬಿಡಬಾರದು. ನ್ಯೂಟನ್ನನ ನಿಯಮದಂತೆ ವಸ್ತು ತಣಿಯುವ ವೇಗ, ಅದಕ್ಕೂ ಸುತ್ತಲಿನ ಗಾಳಿಗೂ ಇರುವ ಉಷ್ಣತೆಯ ವ್ಯತ್ಯಾಸಕ್ಕೆ ಅನುಪಾತದಲ್ಲಿರುತ್ತದೆ. 80 ಡಿಗ್ರಿಯ ಎಂಜಿನ್ನಿಗೆ ನಮ್ಮಲ್ಲಿ ಈ ವ್ಯತ್ಯಾಸ 60 ಡಿಗ್ರಿಯಾದರೆ ಅಲ್ಲಿ 130. ಓಡುವಾಗ ಬೀಸುವ ಗಾಳಿಯಂತೂ ತಣಿವನ್ನು ಇನ್ನಷ್ಟು ತೀವ್ರಗೊಳಿಸುತ್ತದೆ. ಆದುದರಿಂದ ರೇಡಿಯೇಟರಿಗೆ ದಪ್ಪನೆಯ ರಜಾಯಿಯಂಥ ಹೊದಿಕೆಯನ್ನು ಹೊದಿಸಿರುತ್ತಾರೆ. ಎಂಜಿನ್ನನ್ನು ತಂಪುಮಾಡಲು ಇರುವ ಅಂಗಕ್ಕೇ ಕಂಬಳಿ! ಊಟಕ್ಕೆ ಇಳಿದಾಗಲೂ ಎಂಜಿನ್ನನ್ನು ಆರಿಸದೆ ಬಿಟ್ಟುಹೋಗುವ ಪದ್ಧತಿ ಅಲ್ಲಿ ಸಾಮಾನ್ಯ.

ರೇಡಿಯೇಟರಿನೊಳಗಿನ ದ್ರವದ ವಿಷಯದಲ್ಲಿ ಒಂದು ಸೊಗಸಾದ ಸಂಗತಿಯಿದೆ. ಬರಿಯ ನೀರು ಹೆಪ್ಪುಗಟ್ಟುವಾಗ ಒಂಬತ್ತು ಶೇಕಡದಷ್ಟು ಹಿಗ್ಗುತ್ತದೆ. ಎರಕದ ಕಬ್ಬಿಣದ ಎಂಜಿನ್ನಾದರೂ ಆ ಒತ್ತಡಕ್ಕೆ ಸೀಳುತ್ತದೆ. ಹಿಂದಿನ ಚಾಲಕರು ರಾತ್ರಿ ನೀರನ್ನೆಲ್ಲ ಬಸಿದು, ಬೆಳಗ್ಗೆ ಒಲೆಯ ಮೇಲೆ ಕಾಯಿಸಿದ ನೀರನ್ನು ತುಂಬುತ್ತಿದ್ದರು. ನೀರಿಗೆ ಎಥಿಲೀನ್ ಗ್ಲೈಕಾಲ್ ಬೆರೆಸುವುದು ಉತ್ತಮ ಉಪಾಯ. ‘ಹಾಗಾದರೆ ನೀರೇಕೆ, ಬರಿಯ ಗ್ಲೈಕಾಲನ್ನೇ ತುಂಬಬಾರದೇಕೆ?’ ಎಂದು ವಿದ್ಯಾರ್ಥಿಗಳು ಕೇಳಬೇಕು. ಅಂಕಿಅಂಶಗಳ ಪಟ್ಟಿಯನ್ನು ಬಾಯಿಪಾಠ ಮಾಡುವವರು ಕೇಳುವುದಿಲ್ಲ. ಶುದ್ಧ ಗ್ಲೈಕಾಲ್ -13 ಡಿಗ್ರಿಯಲ್ಲಿಯೇ ಹೆಪ್ಪುಗಟ್ಟುತ್ತದೆ. ನೀರು ಸೊನ್ನೆಯಲ್ಲಿ. ಎರಡನ್ನೂ ಸಮಸಮವಾಗಿ ಬೆರೆಸಿದರೆ ಮಾತ್ರ -37 ಡಿಗ್ರಿ. ಗ್ಲೈಕಾಲ್ ಅರವತ್ತು ಪಾಲಾದರೆ ಐವತ್ತನ್ನೂ ದಾಟಬಹುದು. ಎರಡು ಬಗೆಯ ಅಣುಗಳು ಬೆರೆತಿರುವಾಗ ಒಂದು ಇನ್ನೊಂದರ ಹರಳಿನ ಜೋಡಣೆಗೆ ಅಡ್ಡಬರುತ್ತದೆ. ಸಾಲಾಗಿ ನಿಲ್ಲಬೇಕಾದ ಮಕ್ಕಳ ನಡುವೆ ಬೇರೆ ಶಾಲೆಯ ಮಕ್ಕಳು ನುಗ್ಗಿದರೆ ಎರಡು ಶಾಲೆಯ ಸಾಲುಗಳೂ ಕೆಡುವಂತೆ ಇದು. ಗ್ಲೈಕಾಲ್ ಹೆಚ್ಚಾಗಲೆಂದು ಸುರಿಯುತ್ತಲೇ ಹೋದವನಿಗೆ ಒಂದು ಮಿತಿಯ ನಂತರ ನಷ್ಟವೇ.

ಓಡುವ ಬಂಡಿಗೂ ತೊಂದರೆ ತಪ್ಪಿದ್ದಲ್ಲ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರು ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಪಟ್ಟಣದಲ್ಲಿ ಸಾವಿರಾರು ಬಂಡಿಗಳ ಈ ಆವಿ ಹೊರಬಂದ ಕೂಡಲೆ ಹಿಮಕಣಗಳಾಗಿ, ಹತ್ತಾರು ಮಾರು ದೂರವೂ ಕಾಣದಂಥ ಕಾವಳವಾಗಿ ನಿಲ್ಲುತ್ತದೆ. ಆವಿಯ ಒಂದಂಶ ಪಿಸ್ಟನ್ನಿನ ಅಂಚಿನಿಂದ ಸೋರಿ ಎಂಜಿನ್ನಿನ ತಳಕ್ಕೆ ಇಳಿಯುವುದುಂಟು. ಅಲ್ಲಿಂದ ಉಸಿರುಕೊಳವೆಯ ಮೂಲಕ ಹೊರಹೋಗುವಾಗ ಹೆಪ್ಪುಗಟ್ಟಿ ಕೊಳವೆಯನ್ನೇ ಮುಚ್ಚಿದರೆ, ಒಳಗೆ ಒತ್ತಡ ಏರಿ ಎಣ್ಣೆಯೆಲ್ಲ ಹೊರಚಿಮ್ಮುತ್ತದೆ. ಚಾಲಕನ ಉಸಿರಿನ ಆವಿಯೂ ಕಿಟಕಿಯ ಒಳಮೈಗೆ ಅಂಟಿ ಹಿಮವಾಗುತ್ತದೆ; ಅದಕ್ಕೆಂದು ಎರಡನೆಯ ಗಾಜನ್ನು ಅಂಟಿಸಿ ನಡುವೆ ಗಾಳಿಯ ಪದರವನ್ನು ಉಳಿಸುತ್ತಾರೆ. ಗಾಳಿಯಂಥ ಅಗ್ಗವಾದ ಶಾಖನಿರೋಧಕ ಇನ್ನೊಂದಿಲ್ಲ.

ಉಕ್ಕು, ರಬ್ಬರು

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು ಕಟ್ಟಿದ ‘ಲಿಬರ್ಟಿ’ ಹಡಗುಗಳಲ್ಲಿ ಹಲವು, ತಣ್ಣಗಿನ ಕಡಲಿನಲ್ಲಿ ಇದ್ದಕ್ಕಿದ್ದಂತೆ ಬಿರುಕುಬಿಟ್ಟವು. ಬೆಸುಗೆಯ ದೋಷವೆಂದು ಹಲವರು ಶಂಕಿಸಿದರು. ಕೇಂಬ್ರಿಜ್ಜಿನ ಕಾನ್ಸ್ಟೆನ್ಸ್ ಟಿಪ್ಪರ್ ಎಂಬ ವಿದುಷಿ, ದೋಷವಿರುವುದು ಉಕ್ಕಿನಲ್ಲಿಯೇ ಎಂದು ತೋರಿಸಿದರು. ಸಾಧಾರಣ ಉಕ್ಕು ಒಂದು ಉಷ್ಣತೆಗಿಂತ ಮೇಲೆ ಬಾಗುತ್ತದೆ, ಜಗ್ಗುತ್ತದೆ. ಅದಕ್ಕಿಂತ ಕೆಳಗೆ ಗಾಜಿನಂತೆ ಒಡೆಯುತ್ತದೆ. ಬಂಡಿಯ ಸ್ಪ್ರಿಂಗು ಪಟ್ಟಿಗಳು, ಇರಚಿ, ಬೋಲ್ಟುಗಳು ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ. ಬೇಸಗೆಯಲ್ಲಿ ಲೆಕ್ಕಕ್ಕೇ ಬಾರದ ಒಂದು ಗುಂಡಿ, ಜನವರಿಯಲ್ಲಿ ಇರಚಿಯನ್ನು ಮುರಿಯಬಹುದು. ರಬ್ಬರೂ ಹೀಗೆಯೇ ಗಡುಸಾಗುತ್ತದೆ. ರಾತ್ರಿಯೆಲ್ಲ ನಿಂತ ಗಾಲಿ, ನೆಲಕ್ಕೆ ಒತ್ತಿದ ಕಡೆ ಚಪ್ಪಟೆಯಾಗಿಯೇ ಉಳಿದು, ಮೊದಲ ಒಂದೆರಡು ಮೈಲಿ ಬಂಡಿ ಕುಂಟುತ್ತ ಸಾಗುತ್ತದೆ. ಗೇರುಪೆಟ್ಟಿಗೆಯ ದಪ್ಪ ಎಣ್ಣೆಯೂ ಕಾಯಬೇಕಷ್ಟೆ. ಅನುಭವಿಗಳು ಮೊದಲ ಅರ್ಧ ಗಂಟೆ ಕಾಲುನಡಿಗೆಗಿಂತ ತುಸುವೇ ಹೆಚ್ಚಿನ ವೇಗದಲ್ಲಿ ಹೋಗುತ್ತಾರೆ.

ಗಾಲಿಯೊಳಗಿನ ಗಾಳಿಯ ಲೆಕ್ಕವನ್ನೂ ಮಾಡಬಹುದು. 20 ಡಿಗ್ರಿಯ ಕೊಠಡಿಯಲ್ಲಿ ಮಾಪಕ 2 ವಾಯುಭಾರ ತೋರುವಂತೆ ಗಾಳಿ ತುಂಬಿದೆವೆನ್ನಿ. ಮಾಪಕ ತೋರುವುದು ಹೊರಗಿನ ಒತ್ತಡಕ್ಕಿಂತ ಎಷ್ಟು ಹೆಚ್ಚೆಂಬುದನ್ನು ಮಾತ್ರ. ನಿಜವಾದ ಒತ್ತಡ 3. ಹೊರಗೆ -50ಕ್ಕೆ ತಂದರೆ ಅದು 3 × 223 ÷ 293, ಎಂದರೆ ಸುಮಾರು 2.28 ಆಗುತ್ತದೆ. ಮಾಪಕ ಈಗ ತೋರುವುದು 1.28. ಗಾಳಿ ಒಂದಿಷ್ಟೂ ಸೋರದೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಒತ್ತಡ ಮಾಯವಾಯಿತು!

ನಾಲ್ಕು ಗಾಲಿಗಳ ಗುಟ್ಟು

ಬಂಡಿ ತಿರುವಿನಲ್ಲಿ ಹೊರಳುವಾಗ ಹೊರಬದಿಯ ಗಾಲಿ ಹೆಚ್ಚು ದೂರ, ಒಳಬದಿಯ ಗಾಲಿ ಕಡಮೆ ದೂರ ಹೋಗಬೇಕು. ಎರಡನ್ನೂ ಒಂದೇ ಇರಚಿಗೆ ಬಿಗಿದರೆ ಒಂದು ಉಜ್ಜಿಕೊಂಡು ಜಾರುತ್ತದೆ. ಈ ಕಷ್ಟವನ್ನು ತಪ್ಪಿಸಲು ಇರಚಿಯ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ ಇದೆ. ಅದು ಎರಡು ಗಾಲಿಗಳಿಗೂ ಬೇರೆ ಬೇರೆ ವೇಗವನ್ನು ಅನುಮತಿಸುತ್ತದೆ. ಆದರೆ ತಿರುಗಿಸುವ ಬಲವನ್ನು ಮಾತ್ರ ಎರಡಕ್ಕೂ ಸಮನಾಗಿಯೇ ಹಂಚುತ್ತದೆ. ಹಿಮದಲ್ಲಿ ಕುತ್ತು ಬರುವುದು ಇಲ್ಲಿಯೇ. ಎಡಗಾಲಿ ನುಣ್ಣನೆಯ ಮಂಜುಗಡ್ಡೆಯ ಮೇಲೆ, ಬಲಗಾಲಿ ಗಟ್ಟಿನೆಲದ ಮೇಲೆ ಇದೆಯೆನ್ನೋಣ. ಎಡಗಾಲಿಯನ್ನು ತಿರುಗಿಸಲು ಬಲವೇ ಬೇಡ. ಅದು ಸುಮ್ಮನೆ ಗಿರಗಿರನೆ ತಿರುಗುತ್ತದೆ. ಸಮನಾದ ಹಂಚಿಕೆಯಾದುದರಿಂದ ಬಲಗಾಲಿಗೂ ಅಷ್ಟೇ, ಎಂದರೆ ಇಲ್ಲವೆನ್ನುವಷ್ಟು ಬಲ ಸಿಗುತ್ತದೆ. ಗಟ್ಟಿನೆಲದ ಮೇಲೆ ಒಂದು ಗಾಲಿಯಿದ್ದೂ ಬಂಡಿ ಅಲುಗುವುದಿಲ್ಲ.

ನಾಲ್ಕು ಗಾಲಿಯ ಬಂಡಿಯಲ್ಲಿ ಹಿಂದಿನ ಮತ್ತು ಮುಂದಿನ ಇರಚಿಗಳಿಗೆ ಹೋಗುವ ದಂಡಗಳನ್ನು ಒಂದು ಪೆಟ್ಟಿಗೆಯಲ್ಲಿ ಸೇರಿಸಿರುತ್ತಾರೆ. ಹಳೆಯ ಗಾಜ್‌ನಲ್ಲಾಗಲಿ ಬುಖಾಂಕದಲ್ಲಾಗಲಿ ಈ ಪೆಟ್ಟಿಗೆಯಲ್ಲಿ ಡಿಫರೆನ್ಷಿಯಲ್ ಇಲ್ಲ; ಸನ್ನೆಯನ್ನು ಎಳೆದರೆ ಎರಡು ದಂಡಗಳೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಹಿಂದಿನ ಇರಚಿ ಸೋತರೂ ಮುಂದಿನದು ಎಳೆಯುತ್ತದೆ. ಆದರೆ ಹಿಂದೆ ಒಂದು ಗಾಲಿ, ಮುಂದೆ ಒಂದು ಗಾಲಿ ಹೀಗೆ ಎರಡೂ ಕಡೆ ಜಾರಿದರೆ ನಾಲ್ಕು ಗಾಲಿಯ ಬಂಡಿಯೂ ನಿಂತುಬಿಡುತ್ತದೆ. ‘ನಾಲ್ಕು ಗಾಲಿಗೂ ಬಲ’ ಎಂಬ ಮಾತನ್ನು ಅಕ್ಷರಶಃ ನಂಬಬಾರದು. ಇನ್ನೊಂದು ಮಾತು: ಇಂಥ ಬಂಡಿಯಲ್ಲಿ ಹೊರಡಲು ನೆರವಾಗುವುದು ನಾಲ್ಕು ಗಾಲಿಗಳ ಎಳೆತ, ನಿಲ್ಲಿಸಲು ಅದರಿಂದ ಹೆಚ್ಚಿನ ಲಾಭವಿಲ್ಲ, ಬ್ರೇಕು ಎಲ್ಲ ಬಂಡಿಗಳಲ್ಲಿಯೂ ನಾಲ್ಕು ಗಾಲಿಗಳಿಗೆ ಇದ್ದೇ ಇದೆ. ಸರಾಗವಾಗಿ ಹೊರಟಿತೆಂಬ ಧೈರ್ಯದಿಂದ ವೇಗವಾಗಿ ಹೋದವನು ಇಳಿಜಾರಿನಲ್ಲಿ ಪಶ್ಚಾತ್ತಾಪಪಡುತ್ತಾನೆ. ಕೆಳಗೇರಿನಲ್ಲಿ, ಎಂಜಿನ್ನಿನ ತಡೆಯಿಂದಲೇ ವೇಗವನ್ನು ಹಿಡಿದಿಟ್ಟು ಇಳಿಯುವುದು ಸರಿಯಾದ ಕ್ರಮ.

ಮೆತ್ತನೆಯ ಹಿಮದ ಲೆಕ್ಕ ಬೇರೆ. ಅಲ್ಲಿ ಜಾರುವುದಕ್ಕಿಂತ ಹೂತುಹೋಗುವುದೇ ಹೆಚ್ಚು. ಗಾಲಿ ನೆಲವನ್ನು ಒತ್ತುವ ಒತ್ತಡ ಸ್ಥೂಲವಾಗಿ ಅದರೊಳಗಿನ ಗಾಳಿಯ ಒತ್ತಡದಷ್ಟೇ. ಚದರ ಸೆಂಟಿಮೀಟರಿಗೆ ಎರಡು ಕಿಲೋಗ್ರಾಂ ಎನ್ನಿ. ಎರಡು ಕಾಲಮೇಲೆ ನಿಂತ ಮನುಷ್ಯ ಒತ್ತುವುದು ಇದರ ಹತ್ತನೆಯ ಒಂದು ಪಾಲಿನ ಸುತ್ತ. ಮನುಷ್ಯನೇ ಮೊಣಕಾಲುದ್ದ ಹೂಳುವ ಹಿಮದಲ್ಲಿ ಬಂಡಿಯ ಸ್ಥಿತಿಯನ್ನು ಊಹಿಸಿಕೊಳ್ಳಿ. ಗಾಲಿಯ ಗಾಳಿಯನ್ನು ಕಡಮೆ ಮಾಡಿದರೆ ಅದು ಹರಡಿಕೊಂಡು ಹೆಚ್ಚು ನೆಲವನ್ನು ಹಿಡಿಯುತ್ತದೆ. ಆದರೆ -50ರಲ್ಲಿ ಗಡುಸಾದ ರಬ್ಬರು ಮಡಿಸಿದಲ್ಲಿ ಸೀಳುವ ಭಯವುಂಟು. ಇನ್ನು ಅತಿಯಾದ ಚಳಿಯ ಹಿಮ ಜಾರುವುದೇ ಇಲ್ಲ. ಸೊನ್ನೆಯ ಸಮೀಪದ ಮಂಜುಗಡ್ಡೆಯ ಮೈಮೇಲೆ ನೀರಿನ ತೆಳುಪದರವಿದ್ದು ಅದೇ ಜಾರಿಸುತ್ತದೆ. ಕಡುಶೀತದಲ್ಲಿ ಆ ಪದರ ಅಡಗಿ, ಹಿಮ ಒಣಮರಳಿನಂತೆ ಗಾಲಿಯನ್ನು ಹಿಡಿಯುತ್ತದೆ. ಚಾಲಕರು ಹೆದರುವುದು -50ರ ರಸ್ತೆಗಿಂತ ಹೆಚ್ಚಾಗಿ -2ರ ರಸ್ತೆಗೆ.

ನದಿಯೇ ರಸ್ತೆಯಾದಾಗ

ಚಳಿಗಾಲದಲ್ಲಿ ಯಾಕೂತ್ಸ್ಕ್‌ನ ಬಳಿ ಲೆನಾ ನದಿ ಹೆಪ್ಪುಗಟ್ಟಿ, ಅದರ ಮೇಲೆಯೇ ಲಾರಿಗಳು ಓಡುತ್ತವೆ. ಮಂಜುಗಡ್ಡೆ ಎಷ್ಟು ಭಾರವನ್ನು ಹೊತ್ತೀತು? ಭಾರ ಹೊರುವ ಶಕ್ತಿ ದಪ್ಪದ ವರ್ಗಕ್ಕೆ ಅನುಪಾತದಲ್ಲಿದೆ. ಎಂಜಿನಿಯರುಗಳು ಎಚ್ಚರಿಕೆಯ ಲೆಕ್ಕವಾಗಿ, ಸೆಂಟಿಮೀಟರುಗಳಲ್ಲಿರುವ ದಪ್ಪದ ವರ್ಗವನ್ನು 3.5ರಿಂದ ಗುಣಿಸಿ, ಬಂದದ್ದು ಇಷ್ಟು ಕಿಲೋಗ್ರಾಂ ಎನ್ನುತ್ತಾರೆ. 10 ಸೆಂಟಿಮೀಟರು ದಪ್ಪಕ್ಕೆ 350 ಕಿಲೋಗ್ರಾಂ, 20ಕ್ಕೆ 1400, 30ಕ್ಕೆ 3150. ಜನ, ಸಾಮಾನು ಸೇರಿ ಎರಡು ಟನ್ನಾಗುವ ಜೀಪಿಗೆ 24 ಸೆಂಟಿಮೀಟರಾದರೂ ಬೇಕೆಂದಾಯಿತು. ಇದು ಬಿರುಕಿಲ್ಲದ, ತಿಳಿಯಾದ ಗಡ್ಡೆಯ ಮಾತು. ಮೇಲೆ ದಪ್ಪನೆಯ ಹಿಮ ಬಿದ್ದಿದ್ದರೆ ಅದೇ ಕಂಬಳಿಯಾಗಿ, ಕೆಳಗಿನ ಗಡ್ಡೆ ತೆಳ್ಳಗೆ ಉಳಿದಿರುತ್ತದೆ. ಆದ್ದರಿಂದಲೇ ಹಿಮವನ್ನು ಗುಡಿಸಿ ದಾರಿ ಮಾಡುತ್ತಾರೆ. ಚಳಿ ತಗಲಿದಷ್ಟೂ ದಾರಿ ಬಲವಾಗುತ್ತದೆ.

ದಪ್ಪವೊಂದೇ ಸಾಲದೆಂಬುದು ತಿಳಿದದ್ದು ಭೀಕರವಾದ ಸನ್ನಿವೇಶದಲ್ಲಿ. 1941ರಲ್ಲಿ ಜರ್ಮನರು ಲೆನಿನ್‌ಗ್ರಾಡ್ ನಗರವನ್ನು ಮುತ್ತಿದಾಗ, ಹಸಿವಿನಿಂದ ಸಾಯುತ್ತಿದ್ದ ಜನರಿಗೆ ಆಹಾರ ತಲುಪಿಸಲು ಹೆಪ್ಪುಗಟ್ಟಿದ ಲಡೋಗಾ ಸರೋವರದ ಮೇಲಿನ ದಾರಿಯೇ ಆಸರೆಯಾಯಿತು. ನವೆಂಬರ್ 22ರಂದು ಮೊದಲ ಲಾರಿಗಳ ಸಾಲು ಹೊರಟಿತು. ಭಾರವಾದ ಲಾರಿ ದಾಟಿದ ಕಡೆಯಲ್ಲಿಯೇ ಹಗುರವಾದದ್ದು ಮುಳುಗುವುದನ್ನು ಕಂಡು, ಪಾವೆಲ್ ಕೊಬೆಕೊ ಮತ್ತು ಅವರ ಸಂಗಡಿಗರಾದ ಭೌತವಿಜ್ಞಾನಿಗಳು ಕಾರಣವನ್ನು ಹುಡುಕಿದರು. ಗಡ್ಡೆ ಕಲ್ಲುಚಪ್ಪಡಿಯಲ್ಲ, ನೀರಿನ ಮೇಲೆ ತೇಲುವ ಬಾಗುವ ಹಲಗೆ. ಲಾರಿ ಅದನ್ನು ಕೆಳಕ್ಕೆ ಒತ್ತುತ್ತದೆ. ಆ ತಗ್ಗು ಲಾರಿಯೊಡನೆ ಅಲೆಯಂತೆ ಚಲಿಸುತ್ತದೆ. ಲಾರಿಯ ವೇಗ ಅಲೆಯ ಸಹಜ ವೇಗಕ್ಕೆ ಸಮನಾದರೆ ಅನುರಣನೆಯುಂಟಾಗಿ, ಅಲೆ ಬೆಳೆಬೆಳೆದು ಗಡ್ಡೆಯನ್ನು ಮುರಿಯುತ್ತದೆ. ಅಲ್ಲಿ ಅಪಾಯದ ವೇಗ ಗಂಟೆಗೆ ಸುಮಾರು 35 ಕಿಲೋಮೀಟರ್ ಎಂದು ಕಂಡುಬಂದಿತು. ಆಳವಿಲ್ಲದ ನೀರಿನಲ್ಲಿ ಅಲೆಯ ವೇಗ, ಗುರುತ್ವ ವೇಗೋತ್ಕರ್ಷ ಮತ್ತು ಆಳಗಳ ಗುಣಲಬ್ಧದ ವರ್ಗಮೂಲ. ಹತ್ತು ಮೀಟರು ಆಳಕ್ಕೆ ಇದು ಸೆಕೆಂಡಿಗೆ 9.9 ಮೀಟರು, ಎಂದರೆ ಗಂಟೆಗೆ ಸುಮಾರು 36 ಕಿಲೋಮೀಟರು. ನಮ್ಮ ಪಾಠಪುಸ್ತಕದ ಒಂದು ಸೂತ್ರ ಹೀಗೆ ಲಾರಿಚಾಲಕನ ಪ್ರಾಣಕ್ಕೆ ಸಂಬಂಧಿಸಿದ್ದಾಯಿತು. ಒಂದೇ ವೇಗದಲ್ಲಿ, ಸಮಾನ ಅಂತರದಲ್ಲಿ ಸಾಲಾಗಿ ಹೋಗುವುದೂ ಅಪಾಯ. ಗಡ್ಡೆಯ ಮೇಲೆ ಬಹಳ ಹೊತ್ತು ನಿಲ್ಲುವುದೂ ಅಪಾಯ, ಭಾರದ ಕೆಳಗೆ ಗಡ್ಡೆ ನಿಧಾನವಾಗಿ ಜಗ್ಗುತ್ತಲೇ ಹೋಗುತ್ತದೆ.

ನಿಂತ ಬಂಡಿ

2020ರ ಚಳಿಗಾಲದ ಮೊದಲಲ್ಲಿ ಯಾಕೂತ್ಸ್ಕ್‌ನಿಂದ ಮಗದಾನಿಗೆ ಹದಿನೆಂಟು ವರ್ಷದ ಇಬ್ಬರು ಯುವಕರು ಕಾರಿನಲ್ಲಿ ಹೊರಟರು. ನಕಾಶೆ ತೋರಿಸಿದ ಹತ್ತಿರದ ದಾರಿ, ಬಳಕೆ ತಪ್ಪಿದ ಹಳೆಯ ರಸ್ತೆ. ಅಲ್ಲಿ ಮರದ ಕೊಂಬೆಯೊಂದು ತಗಲಿ ರೇಡಿಯೇಟರು ತೂತಾಯಿತು. ಹೊರಗೆ ಸುಮಾರು -50 ಡಿಗ್ರಿ. ಹಲವು ದಿನಗಳ ನಂತರ ಹುಡುಕಿಕೊಂಡು ಹೋದವರಿಗೆ ಒಬ್ಬನ ಹೆಣ ಸಿಕ್ಕಿತು. ಇನ್ನೊಬ್ಬ ಕೈಕಾಲು ಮರಗಟ್ಟಿದ ಸ್ಥಿತಿಯಲ್ಲಿ ಬದುಕಿದ್ದ. ರೇಡಿಯೇಟರಿನ ಒಂದು ತೂತು ನಮ್ಮಲ್ಲಾದರೆ ಅರ್ಧ ದಿನದ ಕಿರಿಕಿರಿ. ಅಲ್ಲಿ ದ್ರವ ಹೋದರೆ ಎಂಜಿನ್ ಹೋಯಿತು, ಎಂಜಿನ್ ಹೋದರೆ ಬೆಂಕಿಯೇ ಹೋಯಿತು. ಹಳೆಯ ಚಾಲಕರು ಒಂಟಿಯಾಗಿ ಹೊರಡದೆ ಎರಡು ಬಂಡಿಗಳಲ್ಲಿ ಹೋಗುವುದು, ಹಾದಿಯಲ್ಲಿ ನಿಂತ ಯಾವ ಬಂಡಿಯನ್ನು ಕಂಡರೂ ನಿಲ್ಲಿಸಿ ವಿಚಾರಿಸುವುದು ಸುಮ್ಮನೆ ಬಂದ ಪದ್ಧತಿಯಲ್ಲ.

ಎಂಜಿನ್ ಓಡುತ್ತಿದ್ದರೂ ನಿಂತ ಬಂಡಿಯಲ್ಲಿ ಇನ್ನೊಂದು ಮೃತ್ಯುವಿದೆ. ಗಾಳಿಗೆ ಹಾರಿಬಂದ ಹಿಮ ಹೊಗೆಕೊಳವೆಯನ್ನು ಮುಚ್ಚಿದರೆ ಹೊಗೆ ಬಂಡಿಯೊಳಕ್ಕೇ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಿಗಿಯಿಂದ ಅದನ್ನು ಹಿಡಿದುಕೊಳ್ಳುತ್ತದೆ. ಬೆಚ್ಚಗೆ ನಿದ್ದೆ ಬಂದಂತಾಗಿ ಮನುಷ್ಯ ಏಳುವುದೇ ಇಲ್ಲ. ಆದುದರಿಂದ ಕೊಳವೆಯ ಬಾಯಿಯ ಹಿಮವನ್ನು ಆಗಾಗ ಬಿಡಿಸಬೇಕು. ಗಾಳಿ ಬೀಸದ ಬದಿಯ ಕಿಟಕಿಯನ್ನು ಬೆರಳಗಲ ತೆರೆದಿಡಬೇಕು. ಇಬ್ಬರಿದ್ದರೆ ಸರದಿಯ ಮೇಲೆ ಮಲಗಬೇಕು. ಎಂಜಿನ್ ಕೈಕೊಟ್ಟರೆ ಉಳಿಯುವ ಉರುವಲು ಹೆಚ್ಚಿನ ಗಾಲಿ. ಅದರ ರಬ್ಬರು ಬಹಳ ಹೊತ್ತು ಉರಿಯುತ್ತದೆ, ಅದರ ಕಪ್ಪು ಹೊಗೆ ಬಿಳಿಯ ಬಯಲಿನಲ್ಲಿ ಬಹುದೂರಕ್ಕೆ ಕಾಣುತ್ತದೆ. ಬೆಂಕಿ ಹಚ್ಚುವ ಮುನ್ನ ಕವಾಟವನ್ನು ಬಿಚ್ಚಿ ಗಾಳಿಯನ್ನು ಪೂರ್ತಿ ಬಿಡಬೇಕು. ಇಲ್ಲವಾದರೆ ಒಳಗಿನ ಗಾಳಿ ಕಾದು, ಒತ್ತಡ ಏರಿ, ಗಾಲಿ ಬಾಂಬಿನಂತೆ ಸಿಡಿಯುತ್ತದೆ.